ಮಕ್ಕಳನ್ನು ಕಂಪನಿ ನಾಟಕಕ್ಕೆ ಕರೆದುಕೊಂಡು ಹೋಗುವವರೇ, ಸ್ಪೀಕರ್ ಬಾಕ್ಸ್ ಪಕ್ಕ ಮಾತ್ರ ಕೂರಿಸಬೇಡಿ

ಕಂಪನಿ ನಾಟಕಕ್ಕೆ, ಯಕ್ಷಗಾನಕ್ಕೆ, ಜಾತ್ರೆಯಲ್ಲಿ ನಡೆಯುವ ಯಾವುದೇ ಆಟಕ್ಕೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ಮುಂದಿನ ಸಾಲಿನ ಟಿಕೆಟ್ ಸಿಕ್ಕಿತು ಅಂತ ಖುಷಿಯಲ್ಲಿ ಮಕ್ಕಳನ್ನು ಸೌಂಡ್ ಬಾಕ್ಸಿನ ಪಕ್ಕ ಕೂರಿಸಬೇಡಿ. ನಾನು ಕೂರಿಸಿದೆ. ಎಂಟು ವರ್ಷದ ನನ್ನ ಮಗಳ ಎಡಗಿವಿ ಸುಮಾರು ಒಂದು ತಿಂಗಳು ಸರಿ ಇರಲಿಲ್ಲ.

ನಾಟಕದ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ನಾಟಕ ನೋಡುವ ಮನೆ. ಹುಬ್ಬಳ್ಳಿಯಲ್ಲಿ ಇದ್ದೇವೆ. ಧಾರವಾಡದ ರಂಗಾಯಣದಲ್ಲಿ ಏನಾದರೂ ಇದ್ದರೆ, ಶಿರಸಿ ಕಡೆ ನೆಂಟರ ಊರಲ್ಲಿ ಯಕ್ಷಗಾನ ಇದ್ದರೆ, ಜಾತ್ರೆಗಳಲ್ಲಿ ಕಂಪನಿಯವರು ಮೊಕ್ಕಾಂ ಹೂಡಿದ್ದರೆ ನಾನು, ಯಜಮಾನರು, ಮಗ, ಮಗಳು, ಮಾವ ಐದೂ ಜನ ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಮಾವನವರಿಗೆ ಈಗ 76. ಚಿಕ್ಕವರಿದ್ದಾಗ ಹೆಸರಾಂತ ರಂಗನಟ ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರ ನೋಡಿದವರು. ಆ ಮಾತು ಶುರುವಾದರೆ ಊಟ ತಣ್ಣಗಾದರೂ ನಿಲ್ಲಿಸುವುದಿಲ್ಲ. ಮಕ್ಕಳಿಗೆ ಹಾಡು, ಹಾರ್ಮೋನಿಯಂ, ಬಣ್ಣ ಹಚ್ಚಿದ ಮುಖ ಅಂದರೆ ಆಸೆ ಹುಟ್ಟಿದ್ದೇ ಅಜ್ಜನಿಂದ.

ಬನಶಂಕರಿ ಜಾತ್ರೆ ಗೊತ್ತಲ್ವಾ, ಬಾದಾಮಿ ಹತ್ತಿರದ್ದು. ಬನದ ಹುಣ್ಣಿಮೆಗೆ ತೇರು. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ವಾರಗಟ್ಟಲೆ ನಾಟಕ ನಡೆಯುತ್ತವೆ. ಒಂದರ ಪಕ್ಕ ಒಂದು ತಗಡಿನ ಥಿಯೇಟರು, ಒಂದೊಂದರ ಮುಂದೆ ಆಳೆತ್ತರದ ಬೋರ್ಡು, ಬಣ್ಣದ ಲೈಟು. ಹೋದ ಜನವರಿಯಲ್ಲಿ ತೇರಾದ ನಾಲ್ಕನೇ ದಿನ ಹೋದೆವು. ದೇವಿ ದರ್ಶನ ಮಾಡಿ, ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಕಡೆ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರು ತಿಂದು, ಸಂಜೆಯ ಆಟಕ್ಕೆ ನಿಂತೆವು. ಯಾವ ಕಂಪನಿ ಅಂತ ಹೇಳುವುದಿಲ್ಲ. ಯಾಕೆ ಅಂದರೆ ಇದು ಒಬ್ಬರ ತಪ್ಪಲ್ಲ, ಆಮೇಲೆ ನೋಡಿದ ಬೇರೆ ಕಡೆಯೂ ಹೆಚ್ಚು ಕಡಿಮೆ ಇದೇ ಕಥೆ.

ಕೌಂಟರಿನಲ್ಲಿ ಮುಂದಿನ ಸೋಫಾ ಸೀಟು ಐದು ಉಳಿದಿದ್ದವು. ದುಡ್ಡು ಜಾಸ್ತಿಯೇ. ಆದರೆ ಮಗಳು ಗಿಡ್ಡ, ಹಿಂದೆ ಕೂತರೆ ಮುಂದಿನವರ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ತೆಗೆದುಕೊಂಡೆವು. ಒಳಗೆ ಹೋಗಿ ನೋಡಿದರೆ ನಮ್ಮ ಸೀಟು ಎಡಗಡೆ ತುದಿ. ಅದರ ಪಕ್ಕದಲ್ಲೇ, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ, ಒಂದರ ಮೇಲೊಂದು ಪೇರಿಸಿದ ಬಾಕ್ಸು. ಮೇಲಿನ ಬಾಕ್ಸು ಸರಿಯಾಗಿ ಕೂತ ಮಗುವಿನ ತಲೆಯ ಮಟ್ಟಕ್ಕೆ ಇತ್ತು. ನನಗೆ ಆಗ ಇದು ಹೊಳೆಯಲೇ ಇಲ್ಲ. ನೆಟ್ಟಗೆ ಪರದೆ ಕಾಣುತ್ತದೆ ಅಂತ ಮಗಳನ್ನೇ ತುದಿಗೆ ಕೂರಿಸಿದೆ.

ಆಟ ಶುರುವಾಗುವ ಮೊದಲು ಜನ ಸೇರಲಿ ಅಂತ ಸಿನಿಮಾ ಹಾಡು ಹಾಕಿದ್ದರು, ಅದೇ ಜೋರಿತ್ತು. ಮೂರನೇ ಬೆಲ್ ಹೊಡೆಯಿತು, ಪ್ರಾರ್ಥನೆ ಆಯಿತು, ಪರದೆ ಎದ್ದಿತು. ಹಾರ್ಮೋನಿಯಂ ಒಂದು ಮೂಲೆಯಲ್ಲಿ ಇತ್ತು. ಆದರೆ ಕೇಳುತ್ತಿದ್ದದ್ದು ಕೀಬೋರ್ಡು, ರಿದಮ್ ಪ್ಯಾಡು ಮಾತ್ರ. ಹಾಸ್ಯದವರು ಹಾಡಿಗೆ ಕುಣಿಯುತ್ತ ಬಂದಾಗ ಒಂದೊಂದು ಪೆಟ್ಟೂ ಎದೆಗೆ ಗುದ್ದಿದ ಹಾಗೆ ಆಗುತ್ತಿತ್ತು. ಮಗಳ ಕಾಲ ಹತ್ತಿರ ನೀರಿನ ಬಾಟಲಿ ಇಟ್ಟಿದ್ದೆ. ಅರ್ಧ ಖಾಲಿ ಆಗಿತ್ತು. ಪ್ರತಿ ಪೆಟ್ಟಿಗೂ ಒಳಗಿನ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು. ಅದನ್ನು ನಾನು ಕಣ್ಣಾರೆ ನೋಡಿದೆ, ಚೆಂದ ಅಂತ ಮಗನಿಗೂ ತೋರಿಸಿದೆ. ಬಾಟಲಿಯ ನೀರನ್ನು ಹೀಗೆ ಕುಣಿಸುವುದು ಪಕ್ಕದಲ್ಲಿ ಕೂತ ಮಗುವಿನ ಕಿವಿಗೆ ಏನು ಮಾಡುತ್ತಿರಬಹುದು ಅಂತ ಯೋಚನೆ ಬರಲಿಲ್ಲ.

ಮೊದಲ ಹಾಡಿಗೇ ಮಗಳು ಎರಡೂ ಕೈ ಕಿವಿಗೆ ಇಟ್ಟುಕೊಂಡಳು. ನಾನು ಕೈ ಹಿಡಿದು ಕೆಳಗೆ ಇಳಿಸಿದೆ. "ಸುಮ್ನ ಕೂಡು, ನೋಡು ಎಷ್ಟ್ ಚಲೋ ಮಾಡಾಕತ್ತಾರ" ಅಂದೆ. ಮತ್ತೆ ಇಟ್ಟುಕೊಂಡಳು, ಮತ್ತೆ ಇಳಿಸಿದೆ. ಈ ಮಾತು ಬರೆಯುವುದು ನನಗೆ ಕಷ್ಟ. ಮಗು ತನ್ನ ಕಿವಿಯನ್ನು ತಾನೇ ಕಾಪಾಡಿಕೊಳ್ಳುತ್ತಿತ್ತು, ತಾಯಿಯಾಗಿ ನಾನು ಬಿಡಲಿಲ್ಲ.

ಮಾವನವರಿಗೆ ಕಿವಿ ಮಂದ, ಮಷೀನ್ ಹಾಕುತ್ತಾರೆ. ಎರಡನೇ ದೃಶ್ಯದ ಹೊತ್ತಿಗೆ ಅವರು ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಿದ್ದರು. ಕಿವಿ ಕೇಳದವರಿಗೇ ತಡೆಯಲಾಗದಷ್ಟು ಸದ್ದು ಅಂದರೆ ನೀವೇ ಅಂದಾಜು ಮಾಡಿ.

ಯಜಮಾನರು ಎದ್ದು ಹೋಗಿ ಸೌಂಡ್ ನೋಡಿಕೊಳ್ಳುವ ಹುಡುಗನಿಗೆ ಸ್ವಲ್ಪ ಕಡಿಮೆ ಮಾಡಪ್ಪಾ ಅಂತ ಕೇಳಿದರು. "ಹಿಂದಿನವ್ರಿಗೆ ಕೇಳಂಗಿಲ್ರೀ ಸರ್, ಬಾಜೂ ಥಿಯೇಟರಿಂದು ಬರತೈತಿ" ಅಂದನಂತೆ. ಅವನ ಮಾತೂ ಸುಳ್ಳಲ್ಲ. ಥಿಯೇಟರುಗಳು ಅಕ್ಕಪಕ್ಕ, ನಡುವೆ ಬರೀ ತಗಡು. ಆ ಕಡೆಯ ಹಾಡು ಈ ಕಡೆ ಬರುತ್ತದೆ, ಇವರು ಏರಿಸುತ್ತಾರೆ. ಇವರು ಏರಿಸಿದರೆ ಅವರು ಏರಿಸುತ್ತಾರೆ. ಅದರ ಮೇಲೆ ಹೊರಗೆ ಜನರೇಟರು, ಜೋಕಾಲಿಯವರ ಮೈಕು. ತಗಡಿಗೆ ಬಡಿದ ಸದ್ದು ಹೀರಿಕೊಂಡು ಹೋಗುವುದಿಲ್ಲ, ತಿರುಗಿ ಒಳಗೇ ಬರುತ್ತದೆ. ಬಾಕ್ಸು ಇರುವುದು ಎರಡೇ ಕಡೆ, ಮುಂದೆ. ಕೊನೆಯ ಸಾಲಿನವರಿಗೆ ಕೇಳಲಿ ಅಂತ ಇಟ್ಟ ಸೌಂಡು ಮೊದಲ ಸಾಲಿನ ಕಿವಿಗೆ ನೇರವಾಗಿ ಬೀಳುತ್ತದೆ.

ಗೇಟಿನವರನ್ನು ಸೀಟು ಬದಲಿಸಿ ಅಂತ ಕೇಳಿದೆವು. ಹೌಸ್‌ಫುಲ್ ಅಂದರು. ಆಗಲೇ ಎದ್ದು ಬಂದುಬಿಡಬೇಕಿತ್ತು. ಐದು ಜನರ ದುಡ್ಡು, ಅಷ್ಟು ದೂರದಿಂದ ಬಂದದ್ದು, ಮಾವನವರ ಆಸೆ ಎಲ್ಲಾ ಅಡ್ಡ ಬಂತು, ಕೂತೆವು. ಎರಡನೇ ಅಂಕದಲ್ಲಿ ತೂಗುಬಿಟ್ಟ ಮೈಕು ಒಂದು ಸಲ ಕೀಂಂಂ ಅಂತ ಕಿರುಚಿತು, ನಾಲ್ಕೈದು ಸೆಕೆಂಡು. ಇಡೀ ಥಿಯೇಟರ್ ಕಿವಿ ಮುಚ್ಚಿಕೊಂಡಿತು. ಮಗಳು ಅತ್ತಳು. ಆಗ ನಾನು ಅವಳನ್ನು ಎತ್ತಿ ತೊಡೆ ಮೇಲೆ ಕೂರಿಸಿಕೊಂಡು ಸೆರಗು ಹೊದಿಸಿದೆ. ಸೆರಗಿನಿಂದ ಏನಾಗುತ್ತದೆ, ಏನೂ ಆಗುವುದಿಲ್ಲ.

ಹೊರಗೆ ಬಂದ ಮೇಲೆ ಅವಳು ಚೀರಿ ಚೀರಿ ಮಾತಾಡುತ್ತಿದ್ದಳು. ಯಾಕೆ ಇಷ್ಟು ಜೋರು ಅಂದರೆ "ಅವ್ವಾ, ನೀನೂ ಜೋರಾಗಿ ಮಾತಾಡು, ಕೇಳವಲ್ದು" ಅಂದಳು. ಕಾರಿನಲ್ಲಿ ಎಲ್ಲರೂ ಸುಮ್ಮನಾದಾಗ "ಕಿವ್ಯಾಗ ಗುಂಯ್ ಅನ್ನಾಕತ್ತೈತಿ" ಅಂದಳು. ಬೆಳಿಗ್ಗೆ ಹೋಗುತ್ತದೆ ಮಲಗು ಅಂದೆ. ಬೆಳಿಗ್ಗೆ ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. ಅತ್ತಿಗೆ ಬೆಚ್ಚಗಿನ ಬೆಳ್ಳುಳ್ಳಿ ಎಣ್ಣೆ ಬಿಡು ಅಂದರು. ಅದೊಂದು ಮಾತು ಕೇಳದೆ ಇದ್ದದ್ದು ಒಳ್ಳೆಯದಾಯಿತು. ನೀವೂ ಎಣ್ಣೆ, ಡ್ರಾಪ್ಸ್ ಏನೂ ಸುಮ್ಸುಮ್ನೆ ಹಾಕಬೇಡಿ.

ಮೂರನೇ ದಿನ ಕಿವಿ ಡಾಕ್ಟರ ಹತ್ತಿರ ಹೋದೆವು. ಕಿವಿಯ ತಮಟೆ ಹರಿದಿಲ್ಲ ಅಂದರು. ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿದಾಗ ಬಟನ್ ಒತ್ತು ಅಂದರು. ಗಾಜಿನ ಆಚೆಯಿಂದ ನೋಡುತ್ತಿದ್ದೆ. ಬಲಗಿವಿಗೆ ಪಟಪಟ ಒತ್ತಿದಳು. ಎಡಗಿವಿ ಬಂದಾಗ ಬಟನ್ ಮೇಲೆ ಬೆರಳು ಇಟ್ಟುಕೊಂಡು, ಯಾವಾಗ ಬರುತ್ತದೆ ಅಂತ ನನ್ನ ಮುಖ ನೋಡುತ್ತ ಕೂತಳು. ಸದ್ದು ಆಗಲೇ ಬರುತ್ತಿತ್ತು, ಅವಳಿಗೆ ಕೇಳುತ್ತಿರಲಿಲ್ಲ. ಟೆಸ್ಟಿನ ಕಾಗದದಲ್ಲಿ ಎಷ್ಟು ಕೇಳುತ್ತದೆ ಅಂತ ತೋರಿಸುವ ಎಡಗಿವಿಯ ಗೆರೆ 4000 ಹರ್ಟ್ಸ್ ಹತ್ತಿರ, ಅಂದರೆ ಕೀಚಲು ಸದ್ದುಗಳ ಜಾಗದಲ್ಲಿ, ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಜೋರು ಸದ್ದಿನಿಂದ ಆದ ಪೆಟ್ಟು ಮೊದಲು ಕಾಣುವುದು ಆ ಜಾಗದಲ್ಲೇ ಅಂತ ಡಾಕ್ಟರು ಹೇಳಿದರು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಒಳಗಿವಿಯಲ್ಲಿ ಕೂದಲಿನಂಥ ಎಳೆ ಇರುವ ಸಣ್ಣ ಜೀವಕೋಶಗಳಿವೆ. ಸದ್ದು ಜಾಸ್ತಿಯಾದರೆ ಅವು ಸುಸ್ತಾಗಿ ಬಾಗುತ್ತವೆ, ವಿಶ್ರಾಂತಿ ಕೊಟ್ಟರೆ ಎಷ್ಟೋ ಸಲ ಏಳುತ್ತವೆ. ಸತ್ತರೆ ಮಾತ್ರ ಮತ್ತೆ ಹುಟ್ಟುವುದಿಲ್ಲ. ಸದ್ದಿನ ಜೋರನ್ನು ಅಳೆಯುವುದು ಡೆಸಿಬಲ್‌ನಲ್ಲಿ. 85 ಡೆಸಿಬಲ್ ಸದ್ದನ್ನು ದೊಡ್ಡವರು ದಿನಕ್ಕೆ 8 ಗಂಟೆ ತಡೆಯಬಹುದು ಅಂತ ಕಾರ್ಖಾನೆಗಳಿಗೆ ಒಂದು ಲೆಕ್ಕ ಇದೆ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್ ಏರಿದ ಹಾಗೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88 ಆದರೆ 4 ಗಂಟೆ, 91 ಆದರೆ 2 ಗಂಟೆ, 100 ಆದರೆ 15 ನಿಮಿಷ. ನಾವು ಎರಡೂಮುಕ್ಕಾಲು ಗಂಟೆ ಕೂತಿದ್ದೆವು. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವುದು ವಾರಕ್ಕೆ 40 ಗಂಟೆ, ಅದೂ 75 ಡೆಸಿಬಲ್‌ನಲ್ಲಿ.

ನಮ್ಮ ಪುಣ್ಯ, ಗುಂಯ್ ಅನ್ನುವುದು ಒಂಬತ್ತನೇ ದಿನ ನಿಂತಿತು. ನಾಲ್ಕು ವಾರ ಬಿಟ್ಟು ಮಾಡಿಸಿದ ಟೆಸ್ಟಿನಲ್ಲಿ ಗೆರೆ ಬಹುತೇಕ ಮೇಲೆ ಬಂದಿತ್ತು. ಆದರೆ ಈಗಲೂ ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಅವಳು ಅಡುಗೆಮನೆಯಿಂದ ಓಡುತ್ತಾಳೆ. ಮೊದಲು ಹಾಗಿರಲಿಲ್ಲ.

ಅದೇ ಸಾಲಿನಲ್ಲಿ ಕೂತ ಮಗನಿಗೆ ಏನೂ ಆಗಲಿಲ್ಲವಾ ಅಂತ ಕೇಳುತ್ತೀರಿ. ಅವನು ನನ್ನ ಆಚೆ, ಮೂರನೇ ಸೀಟಿನಲ್ಲಿದ್ದ. ಆ ರಾತ್ರಿ ಅವನ ಕಿವಿಯೂ ಗುಂಯ್ ಅಂದಿತ್ತಂತೆ, ಬೆಳಿಗ್ಗೆ ಹೋಯಿತು. ಎರಡು ಸೀಟು ದೂರ ಇದ್ದರೆ ಇಷ್ಟು ಫರಕು.

ಆಮೇಲೆ ನಾವು ಮಾಡಿಕೊಂಡ ಬದಲಾವಣೆ ಹೇಳುತ್ತೇನೆ, ನಿಮಗೂ ಉಪಯೋಗ ಆಗಬಹುದು. ಟಿಕೆಟ್ ತೆಗೆಯುವ ಮೊದಲು ಒಬ್ಬರು ಒಳಗೆ ಹೋಗಿ ಬಾಕ್ಸು ಎಲ್ಲಿವೆ ನೋಡಿ ಬರುತ್ತೇವೆ. ಗೇಟಿನವರನ್ನು ನಯವಾಗಿ ಕೇಳಿದರೆ ಬಿಡುತ್ತಾರೆ. ಎರಡೂ ಕಡೆಯ ಬಾಕ್ಸಿಗೆ ದೂರ ಆಗುವ ಹಾಗೆ ನಡುವಿನ ಸಾಲು, ಸಾಲಿನಲ್ಲೂ ನಡುವೆ. ಯಜಮಾನರು ಫೋನಿನಲ್ಲಿ ಡೆಸಿಬಲ್ ತೋರಿಸುವ ಆಪ್ ಹಾಕಿಕೊಂಡಿದ್ದಾರೆ. ಅದು ಕರಾರುವಾಕ್ಕಾಗಿ ಹೇಳದಿದ್ದರೂ ಅಂದಾಜಿಗೆ ಸಾಕು. ಇನ್ನೊಂದು ಊರಿನ ಜಾತ್ರೆಯಲ್ಲಿ ಮೊದಲ ಸಾಲಿನ ತುದಿಯಲ್ಲಿ 99 ತೋರಿಸಿತು, ಹನ್ನೆರಡನೇ ಸಾಲಿನ ನಡುವೆ 88. ಫೋನೂ ಬೇಡ ಅನ್ನುವವರು ಹೀಗೆ ನೋಡಿ, ಕೈ ಚಾಚಿದರೆ ಮುಟ್ಟುವಷ್ಟು ದೂರ ಕೂತವರ ಜೊತೆ ಚೀರಿ ಮಾತಾಡಬೇಕಾದರೆ ಆ ಜಾಗ ಮಕ್ಕಳಿಗೆ ಆಗುವುದಿಲ್ಲ.

ಹತ್ತಿ ತುರುಕುವುದನ್ನು ನಂಬಬೇಡಿ, ಅದು ತಡೆಯುವುದು ತೀರಾ ಕಡಿಮೆ. ಫೋಮ್ ಇಯರ್‌ಪ್ಲಗ್ ದೊಡ್ಡವರಿಗೆ ಸರಿ, ಸಣ್ಣ ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ತಲೆ ಮೇಲೆ ಹಾಕುವ ಇಯರ್‌ಮಫ್ ಮಕ್ಕಳ ಅಳತೆಯದ್ದೇ ಸಿಗುತ್ತದೆ, ನಾನು ಏಳುನೂರು ಚಿಲ್ಲರೆ ಕೊಟ್ಟು ತರಿಸಿದೆ. ಒಂದು ಸೋಫಾ ಸಾಲಿನ ದುಡ್ಡು ಉಳಿಸಿದರೆ ಬರುತ್ತದೆ. ಮಾತು, ಹಾಡು ಎಲ್ಲಾ ಕೇಳುತ್ತದೆ, ಪೆಟ್ಟು ಮಾತ್ರ ಕಡಿಮೆ ಆಗುತ್ತದೆ. ಯಕ್ಷಗಾನದಲ್ಲೂ ಚೆಂಡೆಯ ಹತ್ತಿರ, ಮೈಕಿನ ಬಾಕ್ಸಿನ ಎದುರು ಮಕ್ಕಳನ್ನು ಚಾಪೆ ಹಾಸಿ ಮಲಗಿಸುತ್ತಾರೆ, ನಾವೂ ಮಲಗಿಸಿದ್ದೇವೆ. ನಿದ್ದೆ ಬಂದ ಮಾತ್ರಕ್ಕೆ ಕಿವಿ ಮುಚ್ಚಿಕೊಳ್ಳುವುದಿಲ್ಲ, ದಯವಿಟ್ಟು ಹಿಂದೆ ಮಲಗಿಸಿ. ಆಟ ಮುಗಿದ ಮೇಲೆ ಗುಂಯ್ ಅನ್ನುವುದು ಒಂದು ದಿನ ದಾಟಿದರೆ ಕಾಯಬೇಡಿ, ಕಿವಿ ಡಾಕ್ಟರಿಗೆ ತೋರಿಸಿ.

ಕಂಪನಿಯವರಲ್ಲಿ ಯಾರಾದರೂ ಇದನ್ನು ಓದಿದರೆ ಒಂದು ಮಾತು. ನಿಮ್ಮ ಕಷ್ಟ ಗೊತ್ತು. ಜಾತ್ರೆ ಮುಗಿಯುವುದರೊಳಗೆ ಬಾಡಿಗೆ, ಕರೆಂಟು, ನಲವತ್ತು ಜನರ ಊಟ ಎಲ್ಲಾ ದುಡಿಯಬೇಕು. ಆದರೆ ಬಾಕ್ಸನ್ನು ನೆಲದಿಂದ ಎತ್ತಿ, ಜನರ ತಲೆಯ ಮೇಲೆ ಕಟ್ಟಿ, ಸ್ವಲ್ಪ ಕೆಳಗೆ ಬಾಗಿಸಿ. ಹಿಂದಿನವರಿಗೆ ಬೇಕಾದರೆ ನಡುವೆ ಇನ್ನೆರಡು ಸಣ್ಣ ಬಾಕ್ಸು ಇಡಿ, ಮುಂದಿನದ್ದನ್ನು ಇಳಿಸಿ. ಆಗದಿದ್ದರೆ ಬಾಕ್ಸಿನ ಪಕ್ಕದ ನಾಲ್ಕು ಸೀಟು ಮಾರಬೇಡಿ, ಅಥವಾ ಮಗು ಕೈಯಲ್ಲಿ ಇರುವವರಿಗೆ ಕೊಡುವ ಮುಂಚೆ ಒಂದು ಮಾತು ಹೇಳಿ. ಮೈಕು ಇಲ್ಲದ ಕಾಲದಲ್ಲಿ ನಟರು ಕೊನೆಯ ಸಾಲಿನವರಿಗೆ ಮುಟ್ಟುವ ಹಾಗೆ ಹಾಡುತ್ತಿದ್ದರು, ಆಗ ಜನ ಮಿಸುಕದೆ ಕೇಳುತ್ತಿದ್ದರು ಅಂತ ಮಾವನವರು ಹೇಳುತ್ತಾರೆ. ಆ ಕಾಲ ವಾಪಸ್ ತನ್ನಿ ಅಂತ ನಾನು ಕೇಳುತ್ತಿಲ್ಲ, ಹಾರ್ಮೋನಿಯಂ ಕೇಳುವಷ್ಟು ಇಳಿಸಿ ಅಂತ ಕೇಳುತ್ತಿದ್ದೇನೆ.

ಆರು ತಿಂಗಳು ಮಗಳು ನಾಟಕ ಬೇಡ ಅಂದಿದ್ದಳು. ಕಳೆದ ತಿಂಗಳು ಧಾರವಾಡದಲ್ಲಿ ಮೈಕಿಲ್ಲದ ಒಂದು ಹಾಡಿನ ನಾಟಕ ಇತ್ತು, ಅಜ್ಜ ಪುಸಲಾಯಿಸಿ ಕರೆದುಕೊಂಡು ಹೋದರು. ಬಾಗಿಲಲ್ಲೇ ನಿಂತು ಎಡಗಡೆ, ಬಲಗಡೆ ನೋಡಿದಳು. "ಬಾಕ್ಸ್ ಎಲ್ಲಿ ಅದಾವ ಅಜ್ಜಾ?" ಅಂದಳು. ಇಲ್ಲ ಅಂತ ಅವರು ಹೇಳಿದ ಮೇಲೂ ವೇದಿಕೆಯ ಪಕ್ಕ ಹೋಗಿ ಪರದೆ ಸರಿಸಿ ನೋಡಿ ಬಂದು, ಮೊದಲ ಸಾಲಿನಲ್ಲಿ ಕೂತಳು. ಇಯರ್‌ಮಫ್ ಮಾತ್ರ ಕೊನೆಯ ತನಕ ಕೊರಳಲ್ಲೇ ಇತ್ತು.