ಲೆಟ್ಸ್ ಎನ್‌ಕ್ರಿಪ್ಟ್: ವರ್ಷಗಟ್ಟಲೆ ಬಳಸಿದವನ ಮಾತು

"ಅಗ್ಗದ ಎಸ್‌ಎಸ್‌ಎಲ್ ಎಲ್ಲಿ ಸಿಗುತ್ತೆ ಸರ್?" ಹೊಸದಾಗಿ ಸರ್ವರ್ ಬಾಡಿಗೆಗೆ ಹಿಡಿದವರು ನನ್ನನ್ನು ಮೊದಲು ಕೇಳುವುದೇ ಇದನ್ನು. ಸೈಟಿನ ಗುರುತು ಸಾಬೀತುಪಡಿಸಿ, ಅದರ ಜೊತೆಗಿನ ಮಾತುಕತೆ ಗೂಢಲಿಪಿಯಲ್ಲಿ ಸಾಗುವಂತೆ ಮಾಡುವ ಸರ್ಟಿಫಿಕೇಟನ್ನೇ ಜನ ಎಸ್‌ಎಸ್‌ಎಲ್ ಅನ್ನುತ್ತಾರೆ. ಸಣ್ಣ ಅಂಗಡಿ, ಶಾಲೆ, ಸಹಕಾರ ಸಂಘಗಳ ವೆಬ್‌ಸೈಟುಗಳಿರುವ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ದುಡ್ಡು ಕೊಟ್ಟು ತಂದ ಸರ್ಟಿಫಿಕೇಟನ್ನೂ ಹಾಕಿದ್ದೇನೆ, ಪುಕ್ಕಟೆಯದನ್ನೂ ಹಾಕಿದ್ದೇನೆ. ಈಗ ಹೆಚ್ಚುಕಮ್ಮಿ ಎಲ್ಲವೂ ಸರ್ಟಿಫಿಕೇಟನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಮೇಲೇ ನಡೆಯುತ್ತಿವೆ. ಪುಕ್ಕಟೆ ಅನ್ನುವುದಕ್ಕಿಂತ, ಅವಧಿ ಮುಗಿಯುವ ಮೊದಲೇ ತಾನಾಗಿ ಹೊಸದಾಗುತ್ತದೆ ಅನ್ನುವುದೇ ನನಗೆ ದೊಡ್ಡ ಕಾರಣ.

ಅಮೆರಿಕದ ಇಂಟರ್ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್ ಎಂಬ ಲಾಭರಹಿತ ಸಂಸ್ಥೆ ಇದನ್ನು ನಡೆಸುತ್ತದೆ. 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ನಮ್ಮ ಕಡೆಯ ಸಣ್ಣ ಸೈಟುಗಳಿಗೆ ಇದರ ಬೆಲೆ ಗೊತ್ತಾಗಿದ್ದು 2018ರ ಜುಲೈನಲ್ಲಿ, ಕ್ರೋಮ್ 68 ಬಂದು ಸರ್ಟಿಫಿಕೇಟ್ ಹಾಕದ, ಅಂದರೆ ವಿಳಾಸದ ಪಕ್ಕ ಬೀಗದ ಗುರುತಿಲ್ಲದ ಸೈಟುಗಳಿಗೆಲ್ಲ 'ಸುರಕ್ಷಿತವಲ್ಲ' ಎಂಬ ಹಣೆಪಟ್ಟಿ ಹಚ್ಚತೊಡಗಿದಾಗ.

ದುಬಾರಿ ಸರ್ಟಿಫಿಕೇಟಿನಲ್ಲಿ ಗೂಢಲಿಪೀಕರಣ ಗಟ್ಟಿಯಾಗಿರುತ್ತದೆ ಎಂದು ಮಾರುವವರು ಹೇಳುತ್ತಾರೆ. ಅದು ನಿಜವಲ್ಲ. ಆ ಬಲ ನಿಮ್ಮ ಸರ್ವರ್ ಮತ್ತು ಬ್ರೌಸರ್ ನಡುವೆ ಒಪ್ಪಿಗೆಯಾಗುವ ಟಿಎಲ್‌ಎಸ್ (ಎಸ್‌ಎಸ್‌ಎಲ್‌ನ ಇಂದಿನ ರೂಪ) ಆವೃತ್ತಿ, ಸೈಫರ್‌ಗಳ (ಗೂಢಲಿಪಿ ವಿಧಾನಗಳ) ಮೇಲೆ ನಿಂತಿದೆ; ಸರ್ಟಿಫಿಕೇಟಿಗೆ ಕೊಟ್ಟ ರೂಪಾಯಿಯ ಮೇಲಲ್ಲ. ಕಂಪನಿಯ ಹೆಸರನ್ನು ಹಸಿರಿನಲ್ಲಿ ತೋರಿಸುತ್ತಿದ್ದ ಇವಿ (ಕಂಪನಿಯನ್ನು ಹೆಚ್ಚು ಪರಿಶೀಲಿಸಿ ಕೊಡುವ) ಸರ್ಟಿಫಿಕೇಟಿನ ಆಕರ್ಷಣೆಯೂ 2019ಕ್ಕೇ ಮುಗಿಯಿತು: ಕ್ರೋಮ್ 77 ಮತ್ತು ಫೈರ್‌ಫಾಕ್ಸ್ 70 ಆ ಹೆಸರನ್ನು ಬ್ರೌಸರ್‌ನ ಅಡ್ರೆಸ್ ಬಾರ್‌ನಿಂದ ತೆಗೆದುಹಾಕಿದವು.

ಇನ್ನೊಂದು ಮಾತು 'ಐದು ವರ್ಷದ ಪ್ಲಾನ್'. ಒಬ್ಬ ಮರುಮಾರಾಟಗಾರರು ಇದನ್ನು ನನ್ನ ಪರಿಚಯದ ಶಾಲೆಯೊಂದಕ್ಕೆ ಮಾರಿದ್ದರು. ಶಾಲೆಯವರು ಐದು ವರ್ಷ ತಲೆನೋವಿಲ್ಲ ಎಂದುಕೊಂಡಿದ್ದರು. ಆದರೆ 2020ರ ಸೆಪ್ಟೆಂಬರ್‌ನಿಂದ ಯಾವ ಸಂಸ್ಥೆ ಕೊಟ್ಟರೂ ಒಂದು ಸರ್ಟಿಫಿಕೇಟಿನ ಆಯುಸ್ಸು 398 ದಿನ ದಾಟುವಂತಿರಲಿಲ್ಲ. ಐದು ವರ್ಷದ ದುಡ್ಡು ಮೊದಲೇ ಕೊಟ್ಟಿದ್ದರೂ ವರ್ಷಕ್ಕೊಮ್ಮೆ ಹೊಸದನ್ನು ಇಳಿಸಿಕೊಂಡು ಕೈಯಾರೆ ಹಾಕಲೇಬೇಕಿತ್ತು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಡ್ಮಿಶನ್ ಸಮಯದಲ್ಲೇ ಅವಧಿ ಮುಗಿದು, ಪೋಷಕರ ಫೋನುಗಳಲ್ಲೆಲ್ಲ ಕೆಂಪು ಎಚ್ಚರಿಕೆ. ಆ ಹೆಡ್‌ಮೇಡಂ ಪಟ್ಟ ಪಾಡು ಇವತ್ತಿಗೂ ನೆನಪಿದೆ.

ಮುಂದೆ ಇದು ಇನ್ನೂ ಬಿಗಿಯಾಗುತ್ತದೆ. ಬ್ರೌಸರ್‌ನವರೂ ಸರ್ಟಿಫಿಕೇಟ್ ಸಂಸ್ಥೆಗಳೂ ಸೇರಿ 2025ರ ಏಪ್ರಿಲ್‌ನಲ್ಲಿ ಒಪ್ಪಿದ ಪ್ರಕಾರ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ ಬರೀ 47 ದಿನ. ಕೈಯಾರೆ ಹಾಕುವವರು ಆಮೇಲೆ ಒಂದೂವರೆ ತಿಂಗಳಿಗೊಮ್ಮೆ ಅದೇ ಕೆಲಸಕ್ಕೆ ಕೂರಬೇಕಾಗುತ್ತದೆ. ಆದ್ದರಿಂದ ಯಾರ ಹತ್ತಿರ ಕೊಂಡರೂ ಮೊದಲು ಕೇಳಿ: ಆಕ್ಮೆ ವ್ಯವಸ್ಥೆಯಿಂದ (ಸರ್ವರ್ ತಾನೇ ಸರ್ಟಿಫಿಕೇಟ್ ಕೇಳಿ ಪಡೆಯುವ ವಿಧಾನ) ತಾನಾಗಿ ನವೀಕರಣ ಆಗುತ್ತದೆಯೇ? ಇಲ್ಲ ಎಂದರೆ ನೂರು ರೂಪಾಯಿಗೆ ಕೊಟ್ಟರೂ ಬೇಡ.

ಲೆಟ್ಸ್ ಎನ್‌ಕ್ರಿಪ್ಟ್ ಜೊತೆ ನಾನು ಬಳಸುವುದು ಸರ್ಟ್‌ಬಾಟ್ ಎಂಬ ಆಕ್ಮೆ ತಂತ್ರಾಂಶ. ಡೆಬಿಯನ್, ಉಬುಂಟು ಎಂಬ ಎರಡೂ ಲಿನಕ್ಸ್‌ಗಳಲ್ಲಿ ಅದು ದಿನಕ್ಕೆರಡು ಸಲ ಎದ್ದು ನೋಡಿ, 90 ದಿನದ ಸರ್ಟಿಫಿಕೇಟಿನಲ್ಲಿ 30 ದಿನ ಉಳಿದಾಗ ಹೊಸದನ್ನು ತರುತ್ತದೆ. ಸರ್ಟಿಫಿಕೇಟಿಗೆ ಜೋಡಿಯಾದ ಗುಟ್ಟಿನ ಖಾಸಗಿ ಕೀ ಹುಟ್ಟುವುದೂ ಉಳಿಯುವುದೂ ನಿಮ್ಮ ಸರ್ವರ್‌ನಲ್ಲೇ. ಕೆಲವು ಮರುಮಾರಾಟಗಾರರು ಕೀಯನ್ನು ತಾವೇ ತಯಾರಿಸಿ ಇಮೇಲ್‌ನಲ್ಲಿ ಕಳಿಸುತ್ತಾರೆ. ಅಂಥವರಿಂದ ದೂರ ಇರಿ. ಮನೆ ಬೀಗದ ಕೈಯನ್ನು ಅಂಚೆ ಕಾರ್ಡಿಗೆ ಅಂಟಿಸಿ ಕಳಿಸಿದಂತೆ ಅದು.

ಸಾಮಾನ್ಯವಾಗಿ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ಡಿಸ್ಕಿನಲ್ಲಿ ಹೊಸದಾಗಿರುತ್ತದೆ, ಆದರೆ ಸೈಟನ್ನು ಬಡಿಸುವ ತಂತ್ರಾಂಶವಾದ ಎನ್‌ಜಿನ್‌ಎಕ್ಸ್ ರೀಲೋಡ್ ಆಗದೆ ಹಳೆಯದನ್ನೇ ಬಡಿಸುತ್ತಿರುತ್ತದೆ. ಡಿಪ್ಲಾಯ್ ಹುಕ್‌ನಲ್ಲಿ (ಹೊಸದು ಬಂದೊಡನೆ ಸರ್ಟ್‌ಬಾಟ್ ಓಡಿಸುವ ಭಾಗ) ರೀಲೋಡ್ ಆದೇಶ ಇರಲೇಬೇಕು. ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ ಮುಚ್ಚಿದರೆ, ಡೊಮೇನ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳುವ ಎಚ್‌ಟಿಟಿಪಿ ತಪಾಸಣೆ ಸೋಲುತ್ತದೆ. ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರು ಯಾವ ಸರ್ವರ್‌ನದು ಎಂದು ತಿಳಿಸುವ ದಾಖಲೆ) ಹಳೆಯ ಐಪಿವಿ6 ವಿಳಾಸ ಉಳಿದಿದ್ದರೂ ತೊಂದರೆಯೇ, ಏಕೆಂದರೆ ತಪಾಸಣೆ ಮೊದಲು ಅಲ್ಲಿಗೇ ಹೋಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಮತ್ತೊಂದು ಅಡ್ಡಿ: ದಾಳಿಗೆ ಹೆದರಿ ಭಾರತದ ಐಪಿಗಳಿಗೆ ಮಾತ್ರ ಬಾಗಿಲು ತೆರೆದಿಡುವುದು. 2020ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಒಂದೇ ಕಡೆಯಿಂದ ನೋಡುವುದಿಲ್ಲ, ಜಾಲದ ಬೇರೆ ಬೇರೆ ಕಡೆಗಳಿಂದ ಒಟ್ಟಿಗೇ ನೋಡುತ್ತದೆ. ಹಾಗಾಗಿ ದೇಶದ ಬೇಲಿ ಹಾಕಿದವರು ಡಿಎನ್‌ಎಸ್ ಮೂಲಕ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ವೈಲ್ಡ್‌ಕಾರ್ಡ್ (ಎಲ್ಲ ಉಪಡೊಮೇನ್‌ಗಳಿಗೂ ಒಂದೇ ಸರ್ಟಿಫಿಕೇಟ್) ಬೇಕೆಂದರೂ ಅದೇ ದಾರಿ. ಅದು ತಾನಾಗಿ ನಡೆಯಲು ಡಿಎನ್‌ಎಸ್ ಕಡೆ ಎಪಿಐ (ತಂತ್ರಾಂಶವೇ ದಾಖಲೆ ಬದಲಿಸುವ ಸೌಲಭ್ಯ) ಇರಬೇಕು. ಡೊಮೇನ್ ಮಾರಿದವರಲ್ಲಿ ಇಲ್ಲದಿದ್ದರೆ ಡಿಎನ್‌ಎಸ್ ದಾಖಲೆ ಇಡುವ ನೇಮ್‌ಸರ್ವರ್ ಮಾತ್ರ ಬೇರೆಡೆಗೆ ಬದಲಿಸಿದರೆ ಸಾಕು.

ಕೊರತೆಗಳೂ ಇವೆ. ಫೋನ್ ಮಾಡಿ ಕೇಳಲು ಯಾರೂ ಇಲ್ಲ. ಒಂದು ಡೊಮೇನಿಗೆ ವಾರಕ್ಕೆ 50 ಹೊಸ ಸರ್ಟಿಫಿಕೇಟ್, ಅದೇ ಹೆಸರುಗಳಿಗೆ ಮತ್ತೆ ಮತ್ತೆ ಕೇಳಿದರೆ ವಾರಕ್ಕೆ 5 ಎಂಬ ಮಿತಿ ಇದೆ. ಪ್ರಯೋಗಗಳನ್ನೆಲ್ಲ ಅವರ ಸ್ಟೇಜಿಂಗ್ (ಪರೀಕ್ಷೆಗೆಂದೇ ಇರುವ) ಸರ್ವರ್‌ನಲ್ಲೇ ಮಾಡಿ. ಆಂಡ್ರಾಯ್ಡ್ 7.1ಕ್ಕಿಂತ ಹಳೆಯ ಫೋನುಗಳು ಇದರ ಮೂಲ ಸರ್ಟಿಫಿಕೇಟನ್ನು ಗುರುತಿಸುವುದಿಲ್ಲ. ಹಳ್ಳಿಯ ಗ್ರಾಹಕರು ಹೆಚ್ಚಿರುವ ಸೈಟಾದರೆ ಇದನ್ನು ಯೋಚಿಸಲೇಬೇಕು. ಅವಧಿ ಮುಗಿಯುತ್ತಿದೆ ಎಂದು ಬರುತ್ತಿದ್ದ ಇಮೇಲ್‌ಗಳೂ 2025ರ ಜೂನ್‌ನಲ್ಲಿ ನಿಂತಿವೆ. ದಿನಾಂಕ ನೋಡಿ ಎಚ್ಚರಿಸುವ ಚಿಕ್ಕ ಸ್ಕ್ರಿಪ್ಟ್ ಒಂದನ್ನು ನಾನು ಬೇರೆ ಯಂತ್ರದಲ್ಲಿ ಓಡಿಸುತ್ತೇನೆ.

ಪರ್ಯಾಯವಾಗಿ ಝೀರೋಎಸ್‌ಎಸ್‌ಎಲ್, ಗೂಗಲ್ ಟ್ರಸ್ಟ್ ಸರ್ವೀಸಸ್ ಕೂಡ ಆಕ್ಮೆ ಮೂಲಕ ಪುಕ್ಕಟೆ ಕೊಡುತ್ತವೆ. ದುಡ್ಡು ಕೊಡಬೇಕಾದ್ದು ಸರ್ಟಿಫಿಕೇಟಿನಲ್ಲಿ ಸಂಸ್ಥೆಯ ಹೆಸರೇ ಇರಬೇಕೆಂದು ಟೆಂಡರ್ ಅಥವಾ ಆಡಿಟ್ ಕೇಳಿದಾಗ ಮಾತ್ರ. ಅಂಥ ಒವಿ ಸರ್ಟಿಫಿಕೇಟನ್ನು ಬೆಂಗಳೂರಿನ ಇ-ಮುದ್ರಾ ಕೂಡ ಕೊಡುತ್ತದೆ.

ಈಗಾಗಲೇ ಬಳಸುತ್ತಿರುವವರಿಗೆ ಒಂದು ಮಾತು. ಲೆಟ್ಸ್ ಎನ್‌ಕ್ರಿಪ್ಟ್ ತನ್ನ 90 ದಿನವನ್ನು 2028ರ ಹೊತ್ತಿಗೆ 45ಕ್ಕೆ ಇಳಿಸಲಿದೆ. ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) '60 ದಿನಕ್ಕೊಮ್ಮೆ' ಎಂದು ಬರೆದಿಟ್ಟವರು ಅದನ್ನು ಈಗಲೇ ಅಳಿಸಿ, ದಿನಕ್ಕೆರಡು ಸಲ ನೋಡುವಂತೆ ಬದಲಿಸಿಕೊಳ್ಳಿ.