ಆರು ವರ್ಷ ಬಳಸಿದ ಕ್ಲಿನಿಕ್ ಸಾಫ್ಟ್‌ವೇರ್: ಕೇಸಿನಿಂದ ಕಾಪಾಡುತ್ತದಾ?

"ಡಾಕ್ಟ್ರೇ, ಇದೊಂದಿದ್ದರೆ ನಿಮ್ಮ ಮೇಲೆ ಯಾರೂ ಕೇಸು ಹಾಕೋಕಾಗಲ್ಲ" ಎಂದು ಹೇಳಿ ಮಾರಿದ್ದರು. ಆರು ವರ್ಷವಾಯಿತು, ಕೇಸು ಬಿದ್ದಿಲ್ಲ. ಹಾಗಂತ ಪೂರ್ತಿ ಶ್ರೇಯಸ್ಸು ಸಾಫ್ಟ್‌ವೇರಿಗೆ ಕೊಡಲಾರೆ. ಒಂದೆರಡು ಸಲ ಅದೇ ನನ್ನನ್ನು ಸಿಕ್ಕಿಹಾಕಿಸುವುದರಲ್ಲಿತ್ತು. ಹೆಸರು ಬೇಡ, ಈ ಜಾತಿಯವೆಲ್ಲ ಹೆಚ್ಚುಕಮ್ಮಿ ಒಂದೇ ಥರ.

ನಾನು ಆಪರೇಷನ್ ಮಾಡುವವನಲ್ಲ, ಸಾಮಾನ್ಯ ಕಾಯಿಲೆ ನೋಡುವ ವೈದ್ಯ. ನಮ್ಮಂಥವರ ಕುತ್ತಿಗೆಗೆ ಬರುವುದು ಹೆಚ್ಚಾಗಿ ತಡವಾಗಿ ಪತ್ತೆಯಾದ ರೋಗ. ಪರೀಕ್ಷೆ ಬರೆದಿರುತ್ತೇವೆ, ರಿಪೋರ್ಟೂ ಬಂದಿರುತ್ತದೆ, ನೋಡಿದವರು ಮಾತ್ರ ಯಾರೂ ಇರುವುದಿಲ್ಲ.

ಈ ಸಾಫ್ಟ್‌ವೇರಿನ ನಿಜವಾದ ಬೆಲೆ ಇರುವುದು ಇಲ್ಲೇ, 'ಬಾಕಿ ಪಟ್ಟಿ'ಯಲ್ಲಿ. ಬರೆದ ಪ್ರತಿ ಪರೀಕ್ಷೆಯೂ ನಾನು ರಿಪೋರ್ಟ್ ನೋಡಿ ಸಹಿ ಹಾಕುವವರೆಗೆ ಅಲ್ಲೇ ಕೂತಿರುತ್ತದೆ. ಮೂರನೇ ವರ್ಷ ಕೆಮ್ಮಿಗೆಂದು ಬಂದವರೊಬ್ಬರಿಗೆ ಎಕ್ಸ್‌ರೇ ಬರೆದಿದ್ದೆ. ಕೆಮ್ಮು ನಿಂತಿತು, ಅವರು ಈ ಕಡೆ ತಲೆ ಹಾಕಲಿಲ್ಲ. ನಾನೂ ಮರೆತಿದ್ದೆ. 14ನೇ ದಿನ ಆ ಸಾಲು ಕೆಂಪಾಯಿತು. ನರ್ಸ್ ಫೋನ್ ಹಚ್ಚಿ ರಿಪೋರ್ಟ್ ತರಿಸಿದರು. ಬಲ ಶ್ವಾಸಕೋಶದಲ್ಲಿ ಸಣ್ಣ ನೆರಳು. ಸಿಟಿ ಸ್ಕ್ಯಾನ್ ಆಯಿತು, ಚಿಕಿತ್ಸೆ ಬೇಗ ಶುರುವಾಯಿತು. ಕಾಗದದ ಕಾಲದಲ್ಲಾಗಿದ್ದರೆ ಆ ಲಕೋಟೆ ಇನ್ನೂ ಯಾವುದೋ ಕಟ್ಟಿನ ಅಡಿಯಲ್ಲಿರುತ್ತಿತ್ತು.

ಅಂದಿನಿಂದ "ಏನಾದರೂ ಇದ್ದರೆ ನಾವೇ ಫೋನ್ ಮಾಡ್ತೀವಿ" ಅನ್ನುವುದನ್ನು ಬಿಟ್ಟೆ. "ಹತ್ತು ದಿನದಲ್ಲಿ ನಮ್ಮಿಂದ ಫೋನ್ ಬರದಿದ್ದರೆ ನೀವೇ ಮಾಡಿ" ಅನ್ನುತ್ತೇನೆ. ದೊಡ್ಡ ಆಸ್ಪತ್ರೆಗೆ ಕಳಿಸಿದ ಪೇಷಂಟ್ ಅಲ್ಲಿಗೆ ಹೋದರೋ ಇಲ್ಲವೋ ಎಂಬುದು ಮಾತ್ರ ಈ ಪಟ್ಟಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಇವತ್ತಿಗೂ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನಗು ಬರುತ್ತೆ, ಅಲ್ವಾ?

ಇನ್ನು ಕೆಟ್ಟದ್ದು. 'ಹಿಂದಿನ ಭೇಟಿಯನ್ನು ನಕಲಿಸು' ಎಂಬ ಗುಂಡಿ. ಮೊದಲ ವರ್ಷ ಅದನ್ನು ಒತ್ತಿದ್ದೇ ಒತ್ತಿದ್ದು. ಒಮ್ಮೆ ಸುಮ್ನೆ ಒಬ್ಬರ ದಾಖಲೆ ತಿರುವಿ ಹಾಕಿದೆ. ಎರಡು ವಾರದಲ್ಲಿ ನಾಲ್ಕು ಭೇಟಿ, ನಾಲ್ಕರಲ್ಲೂ 'ಮೂರು ದಿನದಿಂದ ಜ್ವರ'. ಎದುರು ಪಕ್ಷದ ವಕೀಲರಿಗೆ ಇಷ್ಟು ಸಾಕು. ನಾಲ್ಕನೇ ಸಲ ನೀವು ಪೇಷಂಟನ್ನು ಮುಟ್ಟಿಯಾದರೂ ನೋಡಿದ್ದೀರಾ ಅಂತ ಕೇಳಿದರೆ ಏನು ಹೇಳಲಿ? ನೋಡಿದ್ದೆ. ಆದರೆ ಬರಹ ಹಾಗೆ ಹೇಳುತ್ತಿರಲಿಲ್ಲ. ಆ ಗುಂಡಿಯನ್ನೇ ತೆಗೆಸಿದೆ. ಈಗ ಎರಡೇ ಸಾಲು ಬರೆದರೂ ನನ್ನದೇ ಸಾಲು: ಏನು ಅನುಮಾನ, ಯಾಕೆ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕೆಂದು ಹೇಳಿದೆ. ಪೇಷಂಟ್ ಪರೀಕ್ಷೆ ಬೇಡ ಅಂದರೆ, ಅದರ ಅಪಾಯ ತಿಳಿಸಿದ್ದನ್ನೂ ಅವರು ಕೊಟ್ಟ ಕಾರಣವನ್ನೂ ಬರೆಯುತ್ತೇನೆ.

ಔಷಧಿ ಎಚ್ಚರಿಕೆಗಳದ್ದು ಬೇರೆಯೇ ಗೋಳು. ಏನು ಬರೆದರೂ ಒಂದು ಪಾಪ್-ಅಪ್. ದಿನಕ್ಕೆ ಅಷ್ಟೊಂದು ಬಂದರೆ ಕೈ ತಾನಾಗಿ ಮುಚ್ಚುತ್ತಾ ಹೋಗುತ್ತದೆ. ಒಂದು ದಿನ ಪೆನಿಸಿಲಿನ್ ಅಲರ್ಜಿಯದ್ದನ್ನೂ ಹಾಗೇ ಮುಚ್ಚಿ, ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಬರೆದುಬಿಟ್ಟಿದ್ದೆ. ಔಷಧಿ ಅಂಗಡಿಯವರು ಪೇಷಂಟನ್ನು ಕೇಳಿ ತಡೆದರು. ಎಚ್ಚರಿಕೆ ಮುಚ್ಚಿದ್ದೂ ಸಮಯದ ಸಮೇತ ದಾಖಲಾಗಿರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ. ಸಣ್ಣಪುಟ್ಟವನ್ನೆಲ್ಲ ಆಫ್ ಮಾಡಿಸಿ, ಅಲರ್ಜಿ ಮತ್ತು ಗಂಭೀರವಾದವನ್ನಷ್ಟೇ ಉಳಿಸಿಕೊಂಡೆವು. ಈಗ ಬಂದರೆ ಓದುತ್ತೇನೆ.

ತಿದ್ದಿದ ಪ್ರತಿ ಅಕ್ಷರಕ್ಕೂ ಇದರಲ್ಲಿ ಗಂಟೆ-ನಿಮಿಷದ ಗುರುತು ಉಳಿಯುತ್ತದೆ. ದೂರು ಬಂದ ಮೇಲೆ ಹಳೆಯ ಸಾಲಿಗೆ ಕೈ ಹಚ್ಚಿದರೆ, ಸರಿಯಿದ್ದ ಚಿಕಿತ್ಸೆಯೂ ಕಳ್ಳತನದಂತೆ ಕಾಣುತ್ತದೆ. ಬಿಟ್ಟುಹೋದದ್ದೇನಾದರೂ ಇದ್ದರೆ ಇವತ್ತಿನ ತಾರೀಕು ಹಾಕಿ ಹೊಸ ಟಿಪ್ಪಣಿ ಬರೆಯುವುದೇ ಸರಿ.

ಪರದೆ ನೋಡುತ್ತಾ ಕೂತರೆ ಮಾತು ಕಮ್ಮಿಯಾಗುತ್ತದೆ, ಇದು ಸಣ್ಣ ದೂರಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ದಾವೆ ಎದುರಿಸದ ಪ್ರಾಥಮಿಕ ಹಂತದ ವೈದ್ಯರು ಒಂದು ಭೇಟಿಗೆ ಸರಾಸರಿ 18.3 ನಿಮಿಷ ಕೊಟ್ಟಿದ್ದರು, ಎದುರಿಸಿದವರು 15 ನಿಮಿಷ. ಪೇಷಂಟ್ ಹೇಳಿದ್ದು ತಮಗೆ ಅರ್ಥವಾಯಿತಾ ಅಂತ ಮತ್ತೆ ಕೇಳುವುದು, ನಗಿಸುವುದು, ಇವೂ ಮೊದಲಿನವರಲ್ಲೇ ಜಾಸ್ತಿ. ನಾನು ಪರದೆಯನ್ನು ಪೇಷಂಟಿಗೂ ಕಾಣುವ ಹಾಗೆ ತಿರುಗಿಸಿಟ್ಟೆ. ಟೈಪ್ ಮಾಡಿದ್ದನ್ನು ಓದಿ ಹೇಳುತ್ತೇನೆ. "ಎಡಗಾಲಲ್ಲ ಡಾಕ್ಟ್ರೇ, ಬಲಗಾಲು" ಅಂತ ಅವರೇ ತಿದ್ದಿದ್ದುಂಟು.

ಫೋನಿನಲ್ಲಿ ಕೊಟ್ಟ ಸಲಹೆ ಬರೆಯಲು ಮೊಬೈಲ್ ಆಪ್ ಇದೆ, ಆಗಾಗ ಕೈ ಕೊಡುತ್ತದೆ. ಬ್ಯಾಕಪ್ ತೊಂದರೆ ಕೊಟ್ಟಿಲ್ಲ.

5ಕ್ಕೆ 3.5 ಕೊಡುತ್ತೇನೆ. ಅರ್ಧ ಅಂಕ ಕಳೆದಿದ್ದು ಹೋದ ತಿಂಗಳು. ನಮ್ಮ ದಾಖಲೆಗಳ ಪ್ರತಿ ಬೇಕೆಂದು ಕೇಳಿದೆವು. ಎಲ್ಲ ಬಂತು, ಯಾರು ಯಾವಾಗ ತಿದ್ದಿದರು ಅನ್ನುವ ಇತಿಹಾಸ ಬಿಟ್ಟು. ಅದು ಅವರ ಬಳಿ ಮಾತ್ರ ಇರುತ್ತದಂತೆ. ಅದನ್ನು ಕೊಡುತ್ತೇವೆಂದು ಬರೆದುಕೊಡುವವರೆಗೆ ಏಳನೇ ವರ್ಷದ ಹಣ ಕಟ್ಟುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ.