400 ಜಿ ಲಿಂಕಿಗೆ ಯಾವುದು ಸರಿ: ಡಿಎಸಿ, ಎಸ್‌ಆರ್, ಡಿಆರ್4, ಎಫ್‌ಆರ್4 ಹೋಲಿಕೆ

400 ಜಿ, ಅಂದರೆ ಸೆಕೆಂಡಿಗೆ 400 ಗಿಗಾಬಿಟ್ ಸಾಗಿಸುವ ಲಿಂಕಿಗೆ ಟ್ರಾನ್ಸೀವರ್ (ಸಿಗ್ನಲನ್ನು ಬೆಳಕಾಗಿಸಿ ಫೈಬರಿಗೆ ಕಳಿಸುವ, ಮರಳಿ ಪಡೆಯುವ ಮಾಡ್ಯೂಲ್) ಆರಿಸುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ದೂರದ ಅಂಕಿಯ ಮೇಲೆ. ಎಸ್‌ಆರ್ ಎಂದರೆ 100 ಮೀಟರ್, ಡಿಆರ್4 ಎಂದರೆ 500 ಮೀಟರ್, ಎಫ್‌ಆರ್4 ಎಂದರೆ 2 ಕಿಲೋಮೀಟರ್. ಹಾಲ್ ಇಷ್ಟು ಉದ್ದ, ಹಾಗಾಗಿ ಇದು ಸಾಕು ಎಂದು ಲೆಕ್ಕ ಮುಗಿಸಿಬಿಡುತ್ತಾರೆ. ಆದರೆ ಡೇಟಾ ಸೆಂಟರಿನ ಒಳಗಿನ ಲಿಂಕುಗಳು ದೂರ ಸಾಲದೆ ಬೀಳುವುದು ತೀರಾ ಅಪರೂಪ. ನಡುವೆ ಎಷ್ಟು ಕನೆಕ್ಟರ್ ಬರುತ್ತವೆ, ಆಚೆ ತುದಿಯಲ್ಲಿ ಯಾವ ಪೋರ್ಟ್ ಇದೆ, ಮಾಡ್ಯೂಲಿನ ಶಾಖ ಯಾವ ಕಡೆ ಹೋಗುತ್ತದೆ ಎಂಬ ಮೂರನ್ನು ನೋಡಿ ಆರಿಸಿದ ಲಿಂಕುಗಳು ನಿಲ್ಲುತ್ತವೆ. ಈ ಬಗೆಗಳನ್ನೆಲ್ಲ ಲೀಫ್-ಸ್ಪೈನ್ ಜಾಲದಲ್ಲಿ (ರ‍್ಯಾಕಿನ ಸ್ವಿಚ್ಚುಗಳೆಲ್ಲ ಮೇಲಿನ ಹಂತದ ಸ್ವಿಚ್ಚುಗಳಿಗೆ ಸೇರುವ ಜಾಲ) ಹಾಕಿ, ಪೂರ್ತಿ ಟ್ರಾಫಿಕ್ ಓಡಿಸಿ ನೋಡಿದ ಮೇಲೆ ಬರೆಯುತ್ತಿರುವ ಹೋಲಿಕೆ ಇದು.

ರ‍್ಯಾಕಿನ ಒಳಗೆ: ಡಿಎಸಿ, ಎಇಸಿ, ಎಒಸಿ

ಸರ್ವರ್ ಮತ್ತು ಅದೇ ರ‍್ಯಾಕಿನ ಸ್ವಿಚ್ ನಡುವೆ ಪ್ಯಾಸಿವ್ ತಾಮ್ರದ ಕೇಬಲ್, ಅಂದರೆ ಡಿಎಸಿ, ತಲುಪುವಂತಿದ್ದರೆ ಬೇರೆ ಯೋಚನೆಯೇ ಬೇಡ. ವಿದ್ಯುತ್ ಹೆಚ್ಚುಕಡಿಮೆ ಸೊನ್ನೆ, ಲೇಸರ್ ಇಲ್ಲ, ಒರೆಸಬೇಕಾದ ತುದಿ ಇಲ್ಲ. ಮಿತಿ ಇರುವುದು ಉದ್ದದಲ್ಲಿ. ಒಂದು ಲೇನಿಗೆ (ಡೇಟಾ ಸಾಗುವ ಪ್ರತ್ಯೇಕ ಹಾದಿಗೆ) 50 ಜಿ ಇರುವ ಎಂಟು ಲೇನ್ ಕೇಬಲ್ 3 ಮೀಟರ್ ಹೋಗುತ್ತದೆ; ಲೇನಿಗೆ 100 ಜಿ ಆದಾಗ ಐಇಇಇ 802.3ಸಿಕೆ ಗುಣಮಟ್ಟ ಅದನ್ನು 2 ಮೀಟರಿಗೆ ಇಳಿಸಿದೆ. ಉದ್ದ ಹೆಚ್ಚಿದಂತೆ ತಂತಿ ದಪ್ಪವಾಗುತ್ತದೆ. ಸ್ವಿಚ್ಚಿನ ಮುಂದೆ ಅಂಥ 32 ಕೇಬಲ್ ಇಳಿಬಿಟ್ಟರೆ ಗಾಳಿ ಬರುವ ದಾರಿಯೇ ಮುಚ್ಚುತ್ತದೆ, ಅದರ ಭಾರಕ್ಕೆ ಪೋರ್ಟಿನ ಲಾಚ್ ಸಹ ಸಡಿಲಗೊಳ್ಳುತ್ತದೆ.

ಡಿಎಸಿ ಲಿಂಕ್ ಏಳದಿದ್ದರೆ ಕೇಬಲನ್ನು ದೂರುವ ಮೊದಲು ಆಟೋ ನೆಗೋಶಿಯೇಶನ್ (ಎರಡು ತುದಿಗಳು ವೇಗವನ್ನು ತಾವೇ ಒಪ್ಪಿಕೊಳ್ಳುವುದು) ಮತ್ತು ಲಿಂಕ್ ಟ್ರೈನಿಂಗ್ (ಕೇಬಲಿಗೆ ತಕ್ಕಂತೆ ಸಿಗ್ನಲ್ ಹೊಂದಿಸಿಕೊಳ್ಳುವುದು) ನೋಡಿ. ತಾಮ್ರಕ್ಕೆ ಇವೆರಡೂ ಎರಡು ತುದಿಯಲ್ಲೂ ಆನ್ ಇರಬೇಕು. ಆಪ್ಟಿಕಲ್ ಮಾಡ್ಯೂಲಿಗೆ ಬೇಡ. ಮೊದಲು ಆಪ್ಟಿಕಲ್ ಇದ್ದ ಪೋರ್ಟಿಗೆ ಡಿಎಸಿ ಹಾಕಿದಾಗ ಹಳೆಯ ಸೆಟ್ಟಿಂಗ್ ಹಾಗೇ ಉಳಿದಿರುತ್ತದೆ. ತೊಂದರೆ ಬಹುಪಾಲು ಅಲ್ಲೇ ಸಿಗುತ್ತದೆ.

ಎಇಸಿ ಎಂದರೆ ಎರಡೂ ತಲೆಗಳಲ್ಲಿ ಸಿಗ್ನಲನ್ನು ಹೊಸದಾಗಿ ತಿದ್ದಿ ಕಳಿಸುವ ರೀಟೈಮರ್ ಚಿಪ್ ಇರುವ ತಾಮ್ರದ ಕೇಬಲ್. ತೆಳುವಾಗಿರುತ್ತದೆ, 5 ಮೀಟರ್ ಆಸುಪಾಸಿನವರೆಗೆ ಹೋಗುತ್ತದೆ, ಬದಲಿಗೆ ಪ್ರತಿ ತಲೆಯೂ ಕೆಲವು ವ್ಯಾಟ್ ತಿನ್ನುತ್ತದೆ. ಪಕ್ಕದ ರ‍್ಯಾಕಿಗೆ ಹೋಗಬೇಕಾದಲ್ಲಿ ನಮ್ಮ ಮೊದಲ ಆಯ್ಕೆ ಇದೇ. ಎಒಸಿ, ಅಂದರೆ ಮಾಡ್ಯೂಲ್ ಮತ್ತು ಫೈಬರ್ ಬಿಡಿಸಲಾಗದಂತೆ ಸೇರಿಕೊಂಡ ಕೇಬಲ್, ಕೊಳೆಯ ಕಾಟವಿಲ್ಲದ್ದು ನಿಜ. ಆದರೆ ಒಂದು ತುದಿಯ ಲೇಸರ್ ಸತ್ತರೆ ಟ್ರೇ ಒಳಗಿಂದ ಇಡೀ ಕೇಬಲ್ ಎಳೆದು ತೆಗೆಯಬೇಕು. ಸಾಲು ದಾಟುವ ಜಾಗಕ್ಕೆ ಎಒಸಿ ಬೇಡ.

ಎಸ್‌ಆರ್: ಮಲ್ಟಿಮೋಡ್ ಈಗಾಗಲೇ ಎಳೆದಿದ್ದರೆ ಮಾತ್ರ

ಎಸ್‌ಆರ್ ಎಂದು ಹೆಸರಿದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಎಲ್ಲವೂ ಓಡುವುದು ಮಲ್ಟಿಮೋಡ್, ಅಂದರೆ ದಪ್ಪ ತಿರುಳಿನ, ಕಡಿಮೆ ದೂರದ ಫೈಬರಿನಲ್ಲಿ. 400 ಜಿಯಲ್ಲಿ ಮೂರು ಬಗೆ ಇವೆ. ಎಸ್‌ಆರ್8 ಎಂಟು ಜೋಡಿ ಫೈಬರ್ ಬೇಡುತ್ತದೆ, ಕನೆಕ್ಟರ್ ಸಾಮಾನ್ಯವಾಗಿ ಎಂಪಿಒ-16, ಅಂದರೆ 16 ಎಳೆಗಳನ್ನು ಒಟ್ಟಿಗೆ ಸೇರಿಸುವಂಥದ್ದು. ಎಸ್‌ಆರ್4.2 ನಾಲ್ಕು ಜೋಡಿಯ ಮೇಲೆ ಎರಡು ತರಂಗಾಂತರ ಓಡಿಸುತ್ತದೆ, ಎಂಪಿಒ-12 ಸಾಕು. 2022ರ ಎಸ್‌ಆರ್4 ಲೇನಿಗೆ 100 ಜಿಯಂತೆ ನಾಲ್ಕು ಜೋಡಿಯಲ್ಲಿ ಮುಗಿಸುತ್ತದೆ. ಒಂದು ಬಗೆಯದು ಇನ್ನೊಂದರ ಜೊತೆ ಮಾತಾಡುವುದಿಲ್ಲ. ಎರಡು ತುದಿಗೆ ಬೇರೆ ಬೇರೆ ತಂಡದವರು ಆರ್ಡರ್ ಹಾಕಿ, ಒಬ್ಬರು ಎಸ್‌ಆರ್8, ಇನ್ನೊಬ್ಬರು ಎಸ್‌ಆರ್4.2 ತರಿಸಿದರೆ ಕನೆಕ್ಟರ್ ಹೊಂದದಿರುವಲ್ಲೇ ಕೆಲಸ ನಿಂತಿತು.

ಓಎಂ3, ಓಎಂ4, ಓಎಂ5 ಎಂಬುವು ಮಲ್ಟಿಮೋಡ್ ಫೈಬರಿನ ದರ್ಜೆಗಳು. ಓಎಂ4 ಫೈಬರಿನಲ್ಲಿ ಮೂರಕ್ಕೂ ದೂರ 100 ಮೀಟರ್. ಎಸ್‌ಆರ್4.2 ಓಎಂ5ರಲ್ಲಿ 150 ಮೀಟರ್ ಹೋಗುತ್ತದೆ. ಓಎಂ3 ಇದ್ದರೆ ಎಸ್‌ಆರ್8 ಮತ್ತು ಎಸ್‌ಆರ್4.2 70 ಮೀಟರಿಗೆ, ಎಸ್‌ಆರ್4 60 ಮೀಟರಿಗೆ ಇಳಿಯುತ್ತವೆ. ಕನೆಕ್ಟರುಗಳಿಗೆಂದು ಸಿಗುವ ನಷ್ಟದ ಪಾಲು ಬರೀ 1.5 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ). ಸಾಧಾರಣ ಎಂಪಿಒ ಜೋಡಣೆಯೊಂದರ ಗರಿಷ್ಠ ನಷ್ಟ 0.75 ಡಿಬಿ ಎಂದು ಹಿಡಿದರೆ ಎರಡು ಪ್ಯಾನೆಲ್ (ಕೇಬಲುಗಳನ್ನು ಜೋಡಿಸುವ ಫಲಕ) ದಾಟುವಷ್ಟರಲ್ಲಿ ಕೈ ಖಾಲಿ.

ಮೊದಲೇ ಓಎಂ4 ಎಂಪಿಒ-12 ಟ್ರಂಕ್ (ಹಲವು ಎಳೆಗಳ ಮುಖ್ಯ ಕೇಬಲ್) ಹಾಕಿದ್ದು, ಅದನ್ನು ಕೀಳಲು ಆಗದು ಎಂದಿದ್ದರೆ ಎಸ್‌ಆರ್4.2 ಒಳ್ಳೆಯ ದಾರಿ. ಹೊಸ ಹಾಲಿಗೆ ಮಲ್ಟಿಮೋಡ್ ಎಳೆಯುವುದು ನಮ್ಮ ದೃಷ್ಟಿಯಲ್ಲಿ ತಪ್ಪು. ಮಾಡ್ಯೂಲಿನಲ್ಲಿ ಉಳಿಸಿದ ಹಣ ಮುಂದಿನ ವೇಗಕ್ಕೆ ಏರುವಾಗ ಟ್ರಂಕ್ ಬದಲಾಯಿಸುವುದಕ್ಕೆ ಹೋಗುತ್ತದೆ.

ಡಿಆರ್4 ಮತ್ತು ಎಫ್‌ಆರ್4: ನಿಜವಾದ ಪೈಪೋಟಿ

ಎರಡೂ ಸಿಂಗಲ್ ಮೋಡ್ (ತೆಳು ತಿರುಳಿನ, ದೂರ ಹೋಗುವ ಫೈಬರ್), ಎರಡರಲ್ಲೂ 100 ಜಿಯ ನಾಲ್ಕು ಲೇನ್, ಎರಡರಲ್ಲೂ ಪ್ಯಾಮ್4, ಅಂದರೆ ನಾಲ್ಕು ಮಟ್ಟಗಳ ಸಿಗ್ನಲ್. ಡಿಆರ್4 ನಾಲ್ಕು ಲೇನನ್ನು ನಾಲ್ಕು ಜೋಡಿ ಫೈಬರಿನಲ್ಲಿ ಕಳಿಸುತ್ತದೆ. ಎಫ್‌ಆರ್4 ಅದೇ ನಾಲ್ಕನ್ನು 1271, 1291, 1311, 1331 ನ್ಯಾನೋಮೀಟರ್ ತರಂಗಾಂತರಗಳಲ್ಲಿ ಒಂದೇ ಜೋಡಿಗೆ ಸೇರಿಸಿ ಎಲ್‌ಸಿ ಕನೆಕ್ಟರಿನಲ್ಲಿ ಕಳಿಸುತ್ತದೆ. ಉಳಿದ ವ್ಯತ್ಯಾಸಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಮೊದಲು ನಷ್ಟದ ಲೆಕ್ಕ. ಡಿಆರ್4ಗೆ ಇಡೀ ದಾರಿಗೆ 3.0 ಡಿಬಿ ಸಿಗುತ್ತದೆ. ಕಿಲೋಮೀಟರಿಗೆ 0.5 ಡಿಬಿ ಎಂದು ಧಾರಾಳವಾಗಿ ಹಿಡಿದರೂ 500 ಮೀಟರ್ ಫೈಬರ್ ತಿನ್ನುವುದು 0.25 ಡಿಬಿ ಮಾತ್ರ. ಮಿಕ್ಕಿದ್ದೆಲ್ಲ ಕನೆಕ್ಟರುಗಳ ಪಾಲು. ದಾರಿಯಲ್ಲಿ 0.75 ಡಿಬಿಯ ನಾಲ್ಕು ಎಂಪಿಒ ಜೋಡಣೆ ಬಂದರೆ 3.0 ಡಿಬಿ ಅಲ್ಲೇ ಮುಗಿಯಿತು, ಫೈಬರ್ ಸೇರಿದರೆ 3.25, ಲಿಂಕ್ 50 ಮೀಟರ್ ಇದ್ದರೂ ಮಿತಿ ಮೀರಿದಂತೆಯೇ. ಅದೇ ಜಾಗದಲ್ಲಿ 0.35 ಡಿಬಿಯ ಲೋ-ಲಾಸ್ ಎಂಪಿಒ ಹಾಕಿದರೆ ನಾಲ್ಕಕ್ಕೆ 1.4, ಒಟ್ಟು 1.65 ಡಿಬಿ. ಡಿಆರ್4 ಆರಿಸುವವರು ಟ್ರಂಕಿನ ಆರ್ಡರಿನಲ್ಲಿ ಲೋ-ಲಾಸ್ ಎಂದು ಬರೆಸಲೇಬೇಕು. ಎಫ್‌ಆರ್4ಗೆ 4.0 ಡಿಬಿ ಇದೆ. ಹಾಲ್ ಒಳಗಿನ ದೂರಕ್ಕೆ ಅದು ಆರಾಮ. ಪ್ಯಾನೆಲ್ ಮೇಲೆ ಪ್ಯಾನೆಲ್ ದಾಟುವ, ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ದಾರಿಗೆ ಎಫ್‌ಆರ್4 ಗೆಲ್ಲುವುದು ಇದರಿಂದಲೇ.

ಎರಡನೆಯದು ಬ್ರೇಕ್‌ಔಟ್. ಡಿಆರ್4 ಪೋರ್ಟನ್ನು ನಾಲ್ಕು 100 ಜಿ ಲಿಂಕುಗಳಾಗಿ ಒಡೆಯಬಹುದು, ಆಚೆ ಕಡೆ ಒಂದೇ ಲೇನಿನ 100 ಜಿ ಡಿಆರ್1 ಅಥವಾ ಎಫ್‌ಆರ್1 ಮಾಡ್ಯೂಲ್ ಇಟ್ಟರಾಯಿತು. ಎಫ್‌ಆರ್4ರಲ್ಲಿ ನಾಲ್ಕೂ ಒಂದೇ ಎಳೆಯಲ್ಲಿ ಬೆರೆತಿರುವುದರಿಂದ ಇದು ಆಗದು. ಹಳೆಯ 100 ಜಿ ಸ್ವಿಚ್ಚುಗಳನ್ನು ಇನ್ನೂ ಕೆಲವು ವರ್ಷ ಉಳಿಸಿಕೊಳ್ಳಬೇಕಾದವರಿಗೆ ಈ ಒಂದೇ ಕಾರಣಕ್ಕೆ ಡಿಆರ್4 ಹಾಕಿ ಎನ್ನುತ್ತೇವೆ. ಆದರೆ ಅವರ ಹತ್ತಿರ ಇರುವ ಹಳೆಯ 100 ಜಿ ಬಗೆಗಳಾದ ಸಿಡಬ್ಲ್ಯುಡಿಎಂ4, ಪಿಎಸ್‌ಎಂ4, ಎಲ್‌ಆರ್4 ಮಾಡ್ಯೂಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವು 25 ಜಿಯ ನಾಲ್ಕು ಲೇನಿನ ಎನ್‌ಆರ್‌ಜೆಡ್ (ಎರಡೇ ಮಟ್ಟಗಳ ಸಿಗ್ನಲ್), ಇದು 100 ಜಿಯ ಒಂದು ಲೇನಿನ ಪ್ಯಾಮ್4. ಬೆಳಕು ತಲುಪುತ್ತದೆ, ರಿಸೀವ್ ಪವರ್ ಚೆನ್ನಾಗಿಯೇ ತೋರಿಸಬಹುದು, ಲಿಂಕ್ ಮಾತ್ರ ಏಳುವುದಿಲ್ಲ.

ಬ್ರೇಕ್‌ಔಟಿನಲ್ಲಿ ಜನ ಗಂಟೆಗಟ್ಟಲೆ ಒದ್ದಾಡುವ ಇನ್ನೊಂದು ಜಾಗ ಎಫ್‌ಇಸಿ, ಅಂದರೆ ದೋಷ ತಿದ್ದುವ ವ್ಯವಸ್ಥೆ. 400 ಜಿ ಸ್ವಿಚ್ಚಿನ ಕಡೆ ಒಡೆದ 100 ಜಿ ಪೋರ್ಟಿಗೆ ಆರ್‌ಎಸ್-544 ಎಂಬ ಎಫ್‌ಇಸಿ ಬಗೆ ಬೇಕು. ಆಚೆ ಕಡೆಯ ಕ್ಯುಎಸ್‌ಎಫ್‌ಪಿ28 (100 ಜಿ ಮಾಡ್ಯೂಲಿನ ಆಕಾರ) ಡಿಆರ್1 ಮಾಡ್ಯೂಲ್ ಆ ಕೆಲಸವನ್ನು ತನ್ನೊಳಗಿನ ಚಿಪ್ಪಿನಲ್ಲೇ ಮಾಡಿಕೊಳ್ಳುತ್ತದೆ. ಹಾಗಾಗಿ ಆ ಸ್ವಿಚ್ಚಿನ ಪೋರ್ಟಿನಲ್ಲಿ ಎಫ್‌ಇಸಿ ಆಫ್ ಇರಬೇಕು. ಎರಡೂ ಕಡೆ ಒಂದೇ ಸೆಟ್ಟಿಂಗ್ ಇರಲಿ ಎಂಬ ಒಳ್ಳೆಯ ಅಭ್ಯಾಸವೇ ಇಲ್ಲಿ ಲಿಂಕನ್ನು ಬೀಳಿಸುತ್ತದೆ.

ಮೂರನೆಯದು ಫೈಬರ್ ಜೋಡಣೆ. ಎಫ್‌ಆರ್4ರಲ್ಲಿ ಎಲ್‌ಸಿ ಜೋಡಿ ತಿರುಗಿ ಕೂತಿದ್ದರೆ ಅದಲುಬದಲು ಮಾಡಿ ಮುಗಿಸಬಹುದು. ಡಿಆರ್4ಗೆ ಗಮನ ಹೆಚ್ಚು ಬೇಕು. ಎಂಪಿಒ-12ರ ಹನ್ನೆರಡರಲ್ಲಿ 1ರಿಂದ 4 ಕಳಿಸುತ್ತವೆ, 9ರಿಂದ 12 ಪಡೆಯುತ್ತವೆ, ನಡುವಿನ ನಾಲ್ಕು ಸುಮ್ಮನಿರುತ್ತವೆ. 1 ಹೋಗಿ 12ಕ್ಕೆ ಸೇರಬೇಕಾದ್ದರಿಂದ ಟೈಪ್ ಬಿ ಕೇಬಲ್ ಬೇಕು. ದಾರಿಯುದ್ದಕ್ಕೂ ಟೈಪ್ ಬಿ ತುಂಡುಗಳ ಸಂಖ್ಯೆ ಒಂದೋ ಮೂರೋ ಆಗಿರಬೇಕು; ಎರಡಾದರೆ ಲೇಸರಿಗೆ ಲೇಸರ್ ಮುಖಾಮುಖಿ. ಮಾಡ್ಯೂಲಿನ ಒಳಗೆ ಪಿನ್ ಇರುತ್ತವೆ, ಆದ್ದರಿಂದ ಅದಕ್ಕೆ ಚುಚ್ಚುವ ತುದಿಗೆ ಪಿನ್ ಇರಬಾರದು. ಪ್ಯಾನೆಲಿನಲ್ಲಿ ಎರಡು ಪಿನ್ ಇಲ್ಲದ ತುದಿಗಳನ್ನು ಸೇರಿಸಿದರೆ ಕ್ಲಿಕ್ ಎಂದು ಕೂರುತ್ತದೆ, ಆದರೆ ಎಳೆಗಳು ನೇರ ನಿಲ್ಲುವುದಿಲ್ಲ, ನಷ್ಟ ಒಮ್ಮೆ ಒಂದೊಂದು ತೋರಿಸುತ್ತದೆ. ಅಳತೆ ಹೀಗೆ ಓಲಾಡಿದರೆ ಮೊದಲು ಪಿನ್ ನೋಡಿ.

ಡಿಆರ್4ರ ಎಂಪಿಒ ತುದಿ ಎಪಿಸಿ, ಅಂದರೆ 8 ಡಿಗ್ರಿ ಓರೆಯಾಗಿ ಉಜ್ಜಿದ್ದು. ಅದಕ್ಕೆ ನೇರ ತುದಿಯ ಕೇಬಲ್ ಚುಚ್ಚಿದರೆ ನಡುವೆ ಗಾಳಿ ಉಳಿದು ಬೆಳಕು ಹಿಂದೆ ಚಿಮ್ಮುತ್ತದೆ. ಪ್ಯಾಮ್4ರಲ್ಲಿ ಎರಡರ ಬದಲು ನಾಲ್ಕು ಮಟ್ಟಗಳಿದ್ದು, ಮಟ್ಟಗಳ ನಡುವಿನ ಅಂತರ ಎನ್‌ಆರ್‌ಜೆಡ್‌ಗಿಂತ ಮೂರನೇ ಒಂದು ಭಾಗ. ಸಿಗ್ನಲ್-ನಾಯ್ಸ್ ಲೆಕ್ಕದಲ್ಲಿ ಸುಮಾರು 9.5 ಡಿಬಿ ಹಿನ್ನಡೆ. ಹಾಗಾಗಿ 25 ಜಿ ಲೇನುಗಳು ಸಹಿಸುತ್ತಿದ್ದ ಪ್ರತಿಫಲನವನ್ನು ಇವು ಸಹಿಸವು. ಪವರ್ ಮೀಟರ್ ಸರಿ ಎನ್ನುತ್ತದೆ, ದೋಷ ಮಾತ್ರ ಏರುತ್ತಲೇ ಇರುತ್ತದೆ.

ತಪ್ಪು ಹುಡುಕುವಾಗಲೂ ಎರಡರ ನಡತೆ ಬೇರೆ, ಇದನ್ನು ತಿಳಿದಿದ್ದರೆ ಸಮಯ ಉಳಿಯುತ್ತದೆ. ಡಿಆರ್4ರಲ್ಲಿ ಒಂದೇ ಲೇನಿನ ರಿಸೀವ್ ಪವರ್ ಇಳಿದಿದ್ದರೆ ಆ ಎಳೆಯ ತುದಿಯಲ್ಲಿ ಕೊಳೆ ಇದೆ ಎಂದುಕೊಳ್ಳಿ. ಕೆಲವು ಡಿಆರ್4 ಮಾಡ್ಯೂಲುಗಳಲ್ಲಿ ಒಂದು ಲೇಸರನ್ನು ಎರಡು ಲೇನುಗಳು ಹಂಚಿಕೊಳ್ಳುತ್ತವೆ. ಎರಡು ಲೇನಿನ ಟ್ರಾನ್ಸ್‌ಮಿಟ್ ಪವರ್ ಒಟ್ಟಿಗೆ ಕುಸಿದರೆ ಮಾಡ್ಯೂಲ್ ಬದಲಿಸಿ. ಎಫ್‌ಆರ್4ರಲ್ಲಿ ನಾಲ್ಕೂ ಲೇನ್ ಸಮನಾಗಿ ಇಳಿದರೆ ಕನೆಕ್ಟರ್ ಅಥವಾ ಬಾಗಿದ ಫೈಬರ್, ಒಂದೇ ಇಳಿದರೆ ಮಾಡ್ಯೂಲೇ.

ಎಫ್‌ಆರ್4ರಲ್ಲಿ ತರಂಗಾಂತರ ಕೂಡಿಸಿ ಬಿಡಿಸುವ ಭಾಗಗಳು ಇರುವುದರಿಂದ ಮಾಡ್ಯೂಲ್ ದುಬಾರಿ, ಫೈಬರ್ ಅಗ್ಗ. ಡಿಆರ್4ರಲ್ಲಿ ಇದು ತಿರುಗುಮುರುಗು. ಸಾಲುಗಳ ನಡುವಿನ ಸಾವಿರಾರು ಲಿಂಕಿಗೆ ಡಿಆರ್4, ಫೈಬರ್ ಎಣಿಸಿ ಬಳಸಬೇಕಾದ ಹಾಲುಗಳ ನಡುವಿನ ದಾರಿಗೆ ಎಫ್‌ಆರ್4 ಎಂಬುದು ನಮ್ಮ ಆಯ್ಕೆ. 10 ಕಿಲೋಮೀಟರಿನ ಎಲ್‌ಆರ್4ಗೆ ಕಟ್ಟಡದ ಒಳಗೆ ಕೆಲಸವಿಲ್ಲ.

ಶಾಖ

400 ಜಿಯ ಡಿಆರ್4 ಸುಮಾರು 8ರಿಂದ 10 ವ್ಯಾಟ್, ಎಫ್‌ಆರ್4 10ರಿಂದ 12 ವ್ಯಾಟ್ ತೆಗೆದುಕೊಳ್ಳುತ್ತವೆ. 32 ಪೋರ್ಟಿನ ಸ್ವಿಚ್ಚಿನಲ್ಲಿ 12 ವ್ಯಾಟ್ ಎಂದರೆ ಮಾಡ್ಯೂಲುಗಳಿಗೇ 384 ವ್ಯಾಟ್, ಅದನ್ನು ಹೊರಹಾಕುವ ಫ್ಯಾನಿನದು ಬೇರೆ. ಸಾಮಾನ್ಯ ದರ್ಜೆಯ ಮಾಡ್ಯೂಲಿನ ಕವಚ 70 ಡಿಗ್ರಿ ಸೆಲ್ಸಿಯಸ್ ದಾಟಬಾರದು. ದಿನನಿತ್ಯದ ಓಟದಲ್ಲಿ 60ರ ಒಳಗೆ ಇರಿಸಿದರೆ ಲೇಸರ್ ಬಾಳುತ್ತದೆ. ಸ್ವಿಚ್ಚಿನ ಗಾಳಿಯ ದಿಕ್ಕು ಇಲ್ಲಿ ಮುಖ್ಯ. ಹಿಂದಿನಿಂದ ಪೋರ್ಟಿನ ಕಡೆಗೆ ಬೀಸುವ ಸ್ವಿಚ್ಚಿನಲ್ಲಿ ಮಾಡ್ಯೂಲಿಗೆ ತಲುಪುವುದು ಚಿಪ್ಪನ್ನು ದಾಟಿ ಬಂದ ಬಿಸಿ ಗಾಳಿ. ಅಂಥ ಕಡೆ ಕಡಿಮೆ ವ್ಯಾಟಿನ ಮಾಡ್ಯೂಲಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಸರಿಯೇ.

ಮಾಡ್ಯೂಲಿನ ಆಕಾರಗಳಾದ ಕ್ಯುಎಸ್‌ಎಫ್‌ಪಿ-ಡಿಡಿ ಮತ್ತು ಓಎಸ್‌ಎಫ್‌ಪಿ ಬಗ್ಗೆ ಇಷ್ಟು ಸಾಕು: ಕ್ಯುಎಸ್‌ಎಫ್‌ಪಿ-ಡಿಡಿ ಪೋರ್ಟಿಗೆ ಹಳೆಯ ಕ್ಯುಎಸ್‌ಎಫ್‌ಪಿ28 ಸಹ ಕೂರುತ್ತದೆ. ಓಎಸ್‌ಎಫ್‌ಪಿ ಅಗಲ, ಅದಕ್ಕೆ ತನ್ನದೇ ಹೀಟ್‌ಸಿಂಕ್ ಇದೆ, 800 ಜಿಯ ಶಾಖಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ನೆಟ್‌ವರ್ಕ್ ಕಾರ್ಡಿಗೆ ಬೇಕಾದದ್ದು ಮೇಲ್ಭಾಗ ಚಪ್ಪಟೆ ಇರುವ ಓಎಸ್‌ಎಫ್‌ಪಿ. ಸ್ವಿಚ್ಚಿಗೆಂದು ತಂದ, ರೆಕ್ಕೆಗಳಿರುವ ಮಾಡ್ಯೂಲ್ ಅಲ್ಲಿ ಒಳಗೇ ಹೋಗುವುದಿಲ್ಲ.

ದೊಡ್ಡ ಆರ್ಡರಿಗೆ ಮುನ್ನ

ಬೇರೆ ತಯಾರಕರ ಮಾಡ್ಯೂಲ್ ಆಗಲಿ, ಸ್ವಿಚ್ ಕಂಪನಿಯದೇ ಆಗಲಿ, ಕೆಲವನ್ನು ತರಿಸಿ ಓಡಿಸಿ ನೋಡಿ. ಮೊದಲು ಸ್ಕೋಪಿನಲ್ಲಿ ತುದಿ ನೋಡುವುದು, ಕ್ಲಿಕ್ ಕ್ಲೀನರಿನಿಂದ ಒರೆಸುವುದು, ಮತ್ತೆ ನೋಡುವುದು. ಪೊಟ್ಟಣ ಒಡೆದ ಹೊಸ ಕೇಬಲಿಗೂ ಇದು ಬಿಡಬೇಡಿ. ಮುಚ್ಚಳದ ಒಳಗಿನ ಪುಡಿಯೇ ತುದಿಗೆ ಅಂಟಿರುತ್ತದೆ. ಆಮೇಲೆ ಪೂರ್ತಿ ವೇಗದ ಟ್ರಾಫಿಕ್ ಒಂದು ದಿನ ಓಡಲಿ, ಅಕ್ಕಪಕ್ಕದ ಪೋರ್ಟುಗಳೂ ತುಂಬಿರಲಿ. ಎರಡೂ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡಿ, ಮಾಡ್ಯೂಲ್ ಕಿತ್ತು ಹಾಕಿ, ಪ್ರತಿ ಸಲ ಲಿಂಕ್ ತಾನಾಗಿಯೇ ಏಳುತ್ತದೆಯೇ ಗಮನಿಸಿ. ಸಿಎಂಐಎಸ್ (ಸ್ವಿಚ್ ಮಾಡ್ಯೂಲಿನ ಜೊತೆ ಮಾತಾಡುವ ನಿಯಮ) ಬಳಸುವ ಮಾಡ್ಯೂಲುಗಳಲ್ಲಿ ಫರ್ಮ್‌ವೇರ್ ಹೊಂದದಿದ್ದರೆ ಗೊತ್ತಾಗುವುದು ಈ ಹಂತದಲ್ಲೇ.

ಲಿಂಕ್ ಎದ್ದಿದೆ ಎಂಬುದೇ ಸಾಕ್ಷಿಯಲ್ಲ, ಎಫ್‌ಇಸಿ ಎಣಿಕೆ ನೋಡಬೇಕು. ಆರ್‌ಎಸ್-544ರ ಒಂದು ಕೋಡ್‌ವರ್ಡಿನಲ್ಲಿ (ಒಟ್ಟಿಗೆ ತಿದ್ದುವ ಡೇಟಾ ತುಂಡಿನಲ್ಲಿ) 15 ಸಿಂಬಲ್ (ಬಿಟ್ಟುಗಳ ಗುಂಪು) ತಪ್ಪಿದರೂ ತಿದ್ದಬಹುದು, 16ನೆಯದು ತಪ್ಪಿದರೆ ಆ ಪ್ಯಾಕೆಟ್ ಹೋಯಿತು. ತಿದ್ದುವ ಮುಂಚಿನ ದೋಷದ ಪ್ರಮಾಣ 2.4 × 10⁻⁴ ಮುಟ್ಟಿದರೆ ಅಂಚಿಗೆ ಬಂದಂತೆ. ಸರಾಸರಿಗಿಂತಲೂ ಹೆಚ್ಚು ಹೇಳುವುದು ಹಂಚಿಕೆ. ಎಷ್ಟು ಕೋಡ್‌ವರ್ಡಿನಲ್ಲಿ 1 ತಪ್ಪು, ಎಷ್ಟರಲ್ಲಿ 2 ಎಂದು ಸ್ವಿಚ್ ಕೊಡುವ ಪಟ್ಟಿ ತೆರೆಯಿರಿ. ಒಳ್ಳೆಯ ಲಿಂಕಿನಲ್ಲಿ ಅಂಕಿಗಳು ಸರಸರನೆ ಇಳಿದು ನಾಲ್ಕೈದರ ಹೊತ್ತಿಗೆ ಸೊನ್ನೆಯಾಗುತ್ತವೆ. ಅದೇ ಸರಾಸರಿ ಇರುವ ಇನ್ನೊಂದು ಲಿಂಕಿನಲ್ಲಿ 9, 10, 11ರಲ್ಲೂ ಒಂದಷ್ಟು ಎಣಿಕೆ ಕಾಣಿಸಿದರೆ ಎಲ್ಲೋ ಪ್ರತಿಫಲನವೋ ಸರಿಯಾಗಿ ಕೂರದ ಮಾಡ್ಯೂಲೋ ಇದೆ, ಅದನ್ನು ನಿಜವಾದ ಬಳಕೆಗೆ ಬಿಡಬೇಡಿ. ಒರೆಸಿ, ಕಿತ್ತು ಹಾಕಿ, ಎಣಿಕೆ ಸೊನ್ನೆ ಮಾಡಿ ಮತ್ತೆ ಓಡಿಸಿ. ದೊಡ್ಡ ಅಂಕಿಗಳ ಆ ಬಾಲ ಹಾಗೇ ಉಳಿದರೆ ಎರಡು ತುದಿಯ ಮಾಡ್ಯೂಲುಗಳನ್ನು ಅದಲುಬದಲು ಮಾಡಿ: ಬಾಲ ಮಾಡ್ಯೂಲಿನ ಜೊತೆ ಹೋದರೆ ಅದನ್ನು ವಾಪಸ್ ಕಳಿಸಿ, ಅಲ್ಲೇ ನಿಂತರೆ ಆ ದಾರಿಯ ಪ್ಯಾನೆಲುಗಳನ್ನು ಒಂದೊಂದಾಗಿ ಬಿಚ್ಚಿ ಸ್ಕೋಪ್ ಇಡಿ.